ಮೂರು ಸರ್ವರ್ ತೆಗೆಯಲು ಹೋಗಿ ನಾಲ್ಕನೆಯದು ಸಿಕ್ಕಿತು

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಐಟಿ ಅಂದರೆ ನಾನು ಮತ್ತು ಇನ್ನೊಬ್ಬ ಹುಡುಗ, ಅಷ್ಟೇ. ಇಲ್ಲಿ ನೂರೈವತ್ತು ಕಂಪ್ಯೂಟರ್, ಹುಬ್ಬಳ್ಳಿಯ ಘಟಕದಲ್ಲಿ ಇನ್ನೊಂದು ನಲವತ್ತು. ಈ ಕಂಪ್ಯೂಟರ್‌ಗಳು, ಇವನ್ನು ಬಳಸುವವರ ಖಾತೆಗಳು ಎಲ್ಲ ಸೇರಿದ ಕೂಟಕ್ಕೆ ಡೊಮೇನ್ ಅಂತಾರೆ, ಅದರ ದಾಖಲೆ ಪುಸ್ತಕಕ್ಕೆ ಡೈರೆಕ್ಟರಿ. ಬೆಳಿಗ್ಗೆ ಯಾರು ಎಲ್ಲಿ ಲಾಗಿನ್ ಆದರೂ "ಇವರು ನಮ್ಮವರೇ" ಎಂದು ಹೇಳುವುದು ಡೊಮೇನ್ ಕಂಟ್ರೋಲರ್. ನಮ್ಮಲ್ಲಿ ಅಂಥವು ಮೂರಿದ್ದವು. ಪೀಣ್ಯದಲ್ಲಿ ಎರಡು, ಹುಬ್ಬಳ್ಳಿಯಲ್ಲಿ ಒಂದು. ಮೂರರಲ್ಲೂ ವಿಂಡೋಸ್ ಸರ್ವರ್ 2012 ಆರ್2.

ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿಯಲಿದ್ದದ್ದು 2023ರ ಅಕ್ಟೋಬರ್ 10ಕ್ಕೆ. ಜುಲೈನಲ್ಲಿ ಹೊಸ ಸರ್ವರ್‌ಗೆ ಹಣ ಮಂಜೂರಾಯಿತು. ಹೊಸದನ್ನು ಸೇರಿಸು, ಹಳೆಯದನ್ನು ಇಳಿಸು, ಎರಡು ಭಾನುವಾರದ ಕೆಲಸ ಅಂದುಕೊಂಡಿದ್ದೆ. ನಾಲ್ಕೂವರೆ ತಿಂಗಳು ಹಿಡಿಯಿತು.

ಮೊದಲ ಭಾನುವಾರವೇ ಏಟು ಬಿತ್ತು. ಸರ್ವರ್ 2022 ಹಾಕಿ, ಡೊಮೇನ್ ಕಂಟ್ರೋಲರ್ ಮಾಡಲು ಹೊರಟರೆ ಅದು ಒಪ್ಪಲೇ ಇಲ್ಲ. ನಿಮ್ಮ ಡೊಮೇನ್ ಇನ್ನೂ ಎಫ್‌ಆರ್‌ಎಸ್ ಬಳಸುತ್ತಿದೆ ಎಂದಿತು. ಲಾಗಿನ್ ಸ್ಕ್ರಿಪ್ಟ್, ಗ್ರೂಪ್ ಪಾಲಿಸಿ (ಎಲ್ಲ ಕಂಪ್ಯೂಟರ್‌ಗೂ ಹೇರುವ ನಿಯಮಗಳು) ಇರುವ ಸಿಸ್‌ವಾಲ್ ಫೋಲ್ಡರನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೊರುವ ಹಳೆಯ ಕೂಲಿ ಅದು. 2019ರ ಸರ್ವರ್‌ನಿಂದ ಮುಂದೆ ಅದಕ್ಕೆ ಜಾಗವಿಲ್ಲ. ಅದರ ಜಾಗಕ್ಕೆ ಬಂದ ಡಿಎಫ್‌ಎಸ್‌ಆರ್‌ಗೆ ಬದಲಾಯಿಸಲೇಬೇಕು. ಬದಲಾಯಿಸಬೇಕಾದರೆ ಡೊಮೇನಿನ ಫಂಕ್ಷನಲ್ ಲೆವೆಲ್, ಅಂದರೆ ಅದು ಯಾವ ಕಾಲದ ವಿಂಡೋಸ್ ಸರ್ವರಿನ ಮಟ್ಟದಲ್ಲಿ ನಡೆಯುತ್ತಿದೆ ಎಂಬುದು, ಕನಿಷ್ಠ 2008 ಇರಬೇಕು. ನಮ್ಮದು 2003ರಲ್ಲೇ ಕೂತಿತ್ತು. ಸರಿ, ಏರಿಸೋಣ ಎಂದು ಒತ್ತಿದೆ. ಆಗಲ್ಲ, 2003ರ ಕಂಟ್ರೋಲರ್ ಒಂದು ಇನ್ನೂ ಇದೆ ಎಂಬ ಉತ್ತರ ಬಂತು.

ಎಲ್ಲಿದೆ? ರ‍್ಯಾಕಿನಲ್ಲಿ ಹುಡುಕಿದೆ, ಸ್ಟೋರ್ ರೂಮಿನಲ್ಲಿ ಹುಡುಕಿದೆ. ಕೊನೆಗೆ ಸ್ಟೋರ್ಸಿನ ಹಿರಿಯರನ್ನು ಕೇಳಿದೆ. "ಅಯ್ಯೋ, ಆ ಕಪ್ಪು ಡಬ್ಬಾನಾ ಸಾರ್? ಅದು ಸುಟ್ಟುಹೋಗಿ ಗುಜರಿಗೆ ಹಾಕಿ ಏಳೆಂಟು ವರ್ಷ ಆಯ್ತಲ್ಲ" ಎಂದರು. ಪೆಟ್ಟಿಗೆ ಗುಜರಿಗೆ ಹೋಗಿತ್ತು, ಡೈರೆಕ್ಟರಿಯಲ್ಲಿ ಹೆಸರು ಹಾಗೇ ಇತ್ತು. ತೀರಿಕೊಂಡವರ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದಂತೆ. ಕಂಟ್ರೋಲರ್‌ಗಳ ನಡುವಿನ ಮಾಹಿತಿ ವಿನಿಮಯ ತೋರಿಸುವ ರೆಪ್‌ಅಡ್ಮಿನ್ ಓಡಿಸಿ ನೋಡಿದರೆ ಉಳಿದ ಸರ್ವರ್‌ಗಳು ಇಷ್ಟು ವರ್ಷವೂ ಅದನ್ನು ಕರೆಯುತ್ತಲೇ ಇದ್ದವು. ಪ್ರತಿ ಸಲವೂ ಎರರ್ 1722, ಅಂದರೆ ಆ ಕಡೆ ಯಾರೂ ಎತ್ತುತ್ತಿಲ್ಲ. ಆ ಲಾಗನ್ನು ಯಾರೂ ತೆರೆದು ನೋಡಿರಲಿಲ್ಲ, ನಾನೂ ಸೇರಿ.

ಮೊದಲೆಲ್ಲ ಇಂಥ ಭೂತ ಬಿಡಿಸಲು ಎನ್‌ಟಿಡಿಎಸ್‌ಯುಟಿಲ್ ಎಂಬ ಕಮಾಂಡ್ ಟೂಲಿನಲ್ಲಿ ಒಂದೊಂದೇ ಸಾಲು ಟೈಪ್ ಮಾಡಬೇಕಿತ್ತು. ಸರ್ವರ್ 2008ರಿಂದ ಆ ಕಷ್ಟ ಇಲ್ಲ. ಡೈರೆಕ್ಟರಿಯ ಖಾತೆಗಳನ್ನು ತೋರಿಸುವ ಯೂಸರ್ಸ್ ಅಂಡ್ ಕಂಪ್ಯೂಟರ್ಸ್‌ನಲ್ಲಿ ಆ ಸರ್ವರ್ ಖಾತೆಯನ್ನು ಅಳಿಸಿದರೆ ಒಳಗಿನ ಕೊಂಡಿಗಳೂ ಹೋಗುತ್ತವೆ. ಹೆಸರು ಕೊಟ್ಟರೆ ವಿಳಾಸ ಹೇಳುವ ಡಿಎನ್ಎಸ್‌ನಲ್ಲಿ ಉಳಿದ ಹೆಸರುಗಳನ್ನು ಮಾತ್ರ ನಾನೇ ಹುಡುಕಿ ತೆಗೆದೆ. ಆಮೇಲೆ ಲೆವೆಲ್ ಏರಿತು. ಡಿಎಫ್‌ಎಸ್‌ಆರ್‌ಗೆ ಹೋಗುವುದು ಮೂರು ಮೆಟ್ಟಿಲು: ಪ್ರಿಪೇರ್ಡ್, ರಿಡೈರೆಕ್ಟೆಡ್, ಎಲಿಮಿನೇಟೆಡ್. ಎರಡನೆಯದರವರೆಗೆ ಹಿಂದೆ ಬರಬಹುದು, ಮೂರನೆಯದರಿಂದ ಇಲ್ಲ. ಹಾಗಾಗಿ ಎರಡನೆಯದರಲ್ಲೇ ಎರಡು ವಾರ ಕೂತೆ. ಹೆದರಿಕೆ ಅನ್ನಿ, ಪರವಾಗಿಲ್ಲ.

ಸೆಪ್ಟೆಂಬರ್ ಕೊನೆಗೆ ಮೂರು ಹೊಸ ಕಂಟ್ರೋಲರ್‌ಗಳು ನಿಂತವು. ಡೊಮೇನಿನಲ್ಲಿ ಐದು ವಿಶೇಷ ಹುದ್ದೆಗಳಿರುತ್ತವೆ, ಎಫ್‌ಎಸ್‌ಎಂಓ ಅಂತಾರೆ. ಐದೂ ಹಳೆಯ ಒಂದನೇ ಸರ್ವರ್ ಕೈಯಲ್ಲಿದ್ದವು. ಅವನ್ನು ಹೊಸದಕ್ಕೆ ದಾಟಿಸಿದ್ದು ಐದೇ ನಿಮಿಷದ ಕೆಲಸ. ನಮ್ಮಲ್ಲಿ ಕಂಟ್ರೋಲರ್‌ಗಳೇ ಡಿಎನ್ಎಸ್ ಸರ್ವರ್. ಕಂಪ್ಯೂಟರ್‌ಗಳಿಗೆ ವಿಳಾಸಗಳನ್ನು ತಾನಾಗಿ ಹಂಚುವ ಡಿಎಚ್‌ಸಿಪಿಯಲ್ಲಿ ಡಿಎನ್ಎಸ್ ವಿಳಾಸ ಬದಲಿಸಿದೆ. ಅರ್ಧ ಊರು ತಾನಾಗಿ ಹೊಸ ದಾರಿಗೆ ಬಂತು.

ಉಳಿದರ್ಧವೇ ತಲೆನೋವು. ಯಾರೋ ಯಾವಾಗಲೋ ಕೈಯಿಂದ ಹಳೆಯ ಸರ್ವರಿನ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಬರೆದಿಟ್ಟ ಸಾಧನಗಳು. ಹಳೆಯ ಐಪಿಯನ್ನೇ ಹೊಸ ಸರ್ವರಿಗೆ ಕೊಟ್ಟರೆ ಇದೆಲ್ಲ ಬೇಕಾಗಿಯೇ ಇಲ್ಲ, ಎಷ್ಟೋ ಜನ ಹಾಗೇ ಮಾಡುತ್ತಾರೆ, ತಪ್ಪೇನಿಲ್ಲ. ನನಗೆ ಮಾತ್ರ ಯಾರು ಯಾರು ನೇತಾಡಿಕೊಂಡಿದ್ದಾರೆ ಅಂತ ಒಮ್ಮೆ ತಿಳಿಯಬೇಕಿತ್ತು. ಆ ಭೂತ ಕಂಡ ಮೇಲೆ ಹುಟ್ಟಿದ ಹಠ ಇದು.

ಹುಡುಕಲು ಎರಡು ದಾರಿ ಹಿಡಿದೆ. ಹಳೆಯ ಸರ್ವರಿನಲ್ಲಿ ಡಿಎನ್ಎಸ್ ಡೀಬಗ್ ಲಾಗ್ ಹಾಕಿದೆ. ಯಾರು ಹೆಸರು ಕೇಳಿಕೊಂಡು ಬರುತ್ತಾರೋ ಅವರ ಐಪಿ ಅದರಲ್ಲಿ ಬೀಳುತ್ತದೆ. ರಿಜಿಸ್ಟ್ರಿಯಲ್ಲಿ ಎಲ್‌ಡ್ಯಾಪ್ (ಡೈರೆಕ್ಟರಿಯನ್ನು ಪ್ರಶ್ನೆ ಕೇಳುವ ವಿಧಾನ) ಲಾಗಿಂಗ್ ಮಟ್ಟವನ್ನು 2ಕ್ಕೆ ಏರಿಸಿದೆ. ಆಗ 389ನೇ ಪೋರ್ಟಿಗೆ ಪಾಸ್‌ವರ್ಡನ್ನು ಬಿಚ್ಚಿಟ್ಟುಕೊಂಡು ಬರುವ ಪ್ರತಿಯೊಬ್ಬರಿಗೂ ಇವೆಂಟ್ 2889 ಬರುತ್ತದೆ, ಐಪಿ ಮತ್ತು ಖಾತೆಯ ಹೆಸರಿನ ಸಮೇತ. ಇದರಲ್ಲಿ ಎರಡು ಸಿಕ್ಕವು. ಒಂದು ಅಕೌಂಟ್ಸಿನ ಜೆರಾಕ್ಸ್ ಮಷಿನ್. ಇನ್ನೊಂದು ರಜೆ ಅರ್ಜಿಯ ಸಾಫ್ಟ್‌ವೇರ್. ಅದು ಬಳಸುತ್ತಿದ್ದದ್ದು ಅಡ್ಮಿನಿಸ್ಟ್ರೇಟರ್ ಖಾತೆಯನ್ನೇ! ಆ ದಿನ ಊಟ ಸೇರಲಿಲ್ಲ.

ಅಷ್ಟರಲ್ಲಿ ಅಕ್ಟೋಬರ್ 10 ದಾಟಿತು. ಡಿಎನ್ಎಸ್ ಲಾಗ್ ಓಡಿಸಿದ್ದು ಆಯುಧಪೂಜೆಯ ವಾರ. ಸರ್ವರ್ ರೂಮಿಗೂ ಪೂಜೆ ಆಯಿತು, ಹಳೆಯ ಮಷಿನ್‌ಗಳಿಗೆ ಕೊನೆಯ ಸಲ ಅರಿಶಿನ ಕುಂಕುಮ, ಚೆಂಡು ಹೂವಿನ ಹಾರ. ಲಾಗಿನಲ್ಲಿ ಇಪ್ಪತ್ತಮೂರು ಐಪಿ ಸಿಕ್ಕಿತು. ಎಲ್ಲ ಸರಿಪಡಿಸಿದೆ. ಹಬ್ಬದ ವಾರ ಕಾರ್ಖಾನೆ ಅರ್ಧ ಮುಚ್ಚಿತ್ತು ಎಂಬುದು ತಲೆಗೆ ಹೊಳೆಯಲೇ ಇಲ್ಲ.

ನಮ್ಮ ಕೆಲಸದವರು ಸ್ಕ್ರೀಮ್ ಟೆಸ್ಟ್ ಅಂತಾರೆ. ಸುಮ್ನೆ ಕೇಬಲ್ ಕಿತ್ತು, ಯಾರು ಕೂಗುತ್ತಾರೆ ನೋಡುವುದು. ನವೆಂಬರಿನ ಒಂದು ಶನಿವಾರ ಸಂಜೆ ಒಂದನೇ ಸರ್ವರಿನ ಕೇಬಲ್ ಕಿತ್ತೆ. ಭಾನುವಾರ ಸದ್ದಿಲ್ಲ. ಸೋಮವಾರ ಒಂಬತ್ತೂಕಾಲಿಗೆ ಗೇಟಿನಿಂದ ಫೋನು.

"ಸಾರ್, ಗೇಟ್ ಪಾಸ್ ಬರ್ತಾ ಇಲ್ಲ. ಮೂರು ಲಾರಿ ನಿಂತವೆ."

"ಲಾಗಿನ್ ಆಗಿದ್ಯಾ ಅಣ್ಣ?"

"ಲಾಗಿನ್ ಆಗಿದೆ ಸಾರ್, ಇಂಟರ್ನೆಟ್ಟೂ ಬರ್ತಿದೆ. ಪಾಸ್ ಒಂದೇ ಬರಲ್ಲ."

ಓಡಿಹೋಗಿ ನೋಡಿದೆ. ಆ ಕಂಪ್ಯೂಟರಿನಲ್ಲಿ ಮೊದಲ ಡಿಎನ್ಎಸ್ ಹಳೆಯ ಸರ್ವರ್, ಎರಡನೆಯದು 8.8.8.8, ಗೂಗಲ್‌ನ ಡಿಎನ್ಎಸ್. ಲಾಗಿನ್ ಆಗಿದ್ದು ಕಂಪ್ಯೂಟರ್ ನೆನಪಿಟ್ಟುಕೊಂಡಿದ್ದ ಹಳೆಯ ಗುರುತಿನ ಮೇಲೆ. ಇಂಟರ್ನೆಟ್ ಬಂದಿದ್ದು ಗೂಗಲ್ ದಯೆಯಿಂದ. ನಮ್ಮ ಒಳಗಿನ ಸರ್ವರ್ ಹೆಸರು ಗೂಗಲ್‌ಗೆ ಹೇಗೆ ಗೊತ್ತಿರಬೇಕು? "ಇರಲಿ ಬಿಡು, ಬ್ಯಾಕಪ್‌ಗೆ" ಎಂದು ಹೊರಗಿನ ಡಿಎನ್ಎಸ್ ಹಾಕಿಡುವುದು ನಾನು ಕಂಡ ಅತಿ ಕೆಟ್ಟ ಚಾಳಿ. ಪೂರ್ತಿ ಕೆಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ. ಇದು ಅರ್ಧ ಕೆಟ್ಟು ಅರ್ಧ ದಿನ ತಿನ್ನುತ್ತದೆ.

ಹತ್ತು ದಿನ ಕಾದು ಕೇಬಲ್ ಮತ್ತೆ ಹಾಕಿದೆ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಕೇಬಲ್ ಕಿತ್ತಿದ್ದೇ ನಿವೃತ್ತಿ ಅಲ್ಲ. ಸರ್ವರ್ ಮತ್ತೆ ಜೊತೆಗೂಡಿ, ರೆಪ್ಲಿಕೇಷನ್ (ಡೈರೆಕ್ಟರಿಯ ಬದಲಾವಣೆಗಳ ವಿನಿಮಯ) ಮುಗಿಸಿ, ಆಮೇಲೆ ಡಿಮೋಟ್ ಆಗಬೇಕು, ಅಂದರೆ ಕಂಟ್ರೋಲರ್ ಹುದ್ದೆಯಿಂದ ಇಳಿಯಬೇಕು. ಇಲ್ಲದಿದ್ದರೆ ಇನ್ನೊಂದು ಭೂತ. ತಿಂಗಳುಗಟ್ಟಲೆ ಬಿಡುವಂತೆಯೂ ಇಲ್ಲ. ಅಳಿಸಿದ ಖಾತೆಗಳ ನೆನಪು ಡೈರೆಕ್ಟರಿಯಲ್ಲಿ ಉಳಿಯುವುದು ಸಾಮಾನ್ಯವಾಗಿ 180 ದಿನ, ನಮ್ಮಂಥ ತೀರಾ ಹಳೆಯ ಡೊಮೇನ್‌ಗಳಲ್ಲಿ 60 ಇರಬಹುದು. ಅದು ಮೀರಿ ಮರಳಿದ ಸರ್ವರ್ ಅಳಿಸಿದವರನ್ನೆಲ್ಲ ಎಬ್ಬಿಸಿಕೊಂಡು ಬರಬಹುದು.

ಡಿಮೋಟ್ ಮಾಡುವಾಗ ಎರಡು ಟಿಕ್ ಕಡೆ ಕೈ ಹೋಗಬಾರದು. ಒಂದು "ಬಲವಂತವಾಗಿ ತೆಗೆ", ಇನ್ನೊಂದು "ಇದೇ ಕೊನೆಯ ಕಂಟ್ರೋಲರ್". ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರದೆಯನ್ನು ಜೋರಾಗಿ ಓದಿಸಿ, ಆಮೇಲೆ ಒತ್ತಿದೆ. ಮೂರೂ ಸಲೀಸಾಗಿ ಇಳಿದವು. ಹೇಳಲು ಏನೂ ಇಲ್ಲ.

ಆದರೆ ಡಿಸೆಂಬರಿನಲ್ಲಿ ಎಚ್‌ಆರ್ ಮೇಡಂ ಬಂದರು. ಪಂಚಿಂಗ್ ಮಷಿನ್ ಮೂರು ನಿಮಿಷ ಹಿಂದಿದೆಯಂತೆ. ಮಷಿನ್ ಸರಿಯೇ ಇತ್ತು, ಇಡೀ ಆಫೀಸು ಮೂರು ನಿಮಿಷ ಮುಂದಿತ್ತು! ಆ ಐದು ಹುದ್ದೆಗಳಲ್ಲಿ ಪಿಡಿಸಿ ಎಮ್ಯುಲೇಟರ್ ಎಂಬುದು ಎಲ್ಲರಿಗೂ ಗಡಿಯಾರ. ಹುದ್ದೆ ದಾಟಿಸಿದ್ದೆ, ಹೊರಗಿನ ಸಮಯದ ಮೂಲ ಕೊಡುವುದನ್ನು ಮರೆತಿದ್ದೆ. ಹೊಸ ಸರ್ವರ್ ಹೈಪರ್-ವಿ ಮೇಲಿನ ವರ್ಚುವಲ್ ಮಷಿನ್, ಅಂದರೆ ಹೋಸ್ಟ್ ಎಂಬ ನಿಜವಾದ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಕಂಪ್ಯೂಟರ್. ಅದು ಹೋಸ್ಟನ್ನು ಟೈಮ್ ಕೇಳುತ್ತದೆ, ಡೊಮೇನಿನಲ್ಲಿರುವ ಹೋಸ್ಟ್ ತಿರುಗಿ ಅದನ್ನೇ ಕೇಳುತ್ತದೆ. ಎಲ್ಲರೂ ಒಟ್ಟಿಗೆ ತಪ್ಪಿದ್ದರಿಂದ ಯಾರ ಲಾಗಿನ್ನೂ ಕೆಡಲಿಲ್ಲ. ಲಾಗಿನ್ ಗುರುತು ಪರಿಶೀಲಿಸುವ ಕರ್ಬರೋಸ್ ಐದು ನಿಮಿಷದವರೆಗೆ ಸಹಿಸುತ್ತದೆ, ಅದೂ ಪರಸ್ಪರ ವ್ಯತ್ಯಾಸವನ್ನು ಮಾತ್ರ ನೋಡುತ್ತದೆ. ಸರಿಪಡಿಸಲು ಒಂದು ಕಮಾಂಡ್ ಸಾಕಾಯಿತು. ಲೇಟ್ ಮಾರ್ಕ್ ಜಗಳ ತೀರಲು ಮೇಡಂಗೆ ಒಂದು ವಾರ ಬೇಕಾಯಿತು.

ಹಳೆಯ ಪೆಟ್ಟಿಗೆಗಳನ್ನು ಗುಜರಿಗೆ ಕೊಡುವ ಮುಂಚೆ ಡಿಸ್ಕ್ ಹೊರತೆಗೆದೆ. ಡಿಮೋಟ್ ಆದರೂ ಎಲ್ಲರ ಪಾಸ್‌ವರ್ಡ್ ಹ್ಯಾಷ್ (ಪಾಸ್‌ವರ್ಡಿನ ಗುಪ್ತ ರೂಪ) ಇದ್ದ ಫೈಲಿನ ಅವಶೇಷ ಅದರಲ್ಲಿ ಉಳಿದಿರಬಹುದು. ಟೂಲ್ ರೂಮಿಗೆ ಒಯ್ದು ಡ್ರಿಲ್ಲಿಂಗ್ ಮಷಿನ್ ಕೆಳಗಿಟ್ಟೆವು. ಎಷ್ಟು ಎಂಎಂ ತೂತು ಬೇಕು, ಡ್ರಾಯಿಂಗ್ ಎಲ್ಲಿ ಸಾರ್ ಎಂದು ಆಪರೇಟರ್ ಕೇಳಿದ. ಎಲ್ಲಿ ಬೇಕಾದರೂ ಹೊಡೆಯಪ್ಪ ಎಂದೆ. ಆ ಮಾತು ಅವನಿಗೆ ಹಿಡಿಸಿತು. ಒಂದೊಂದಕ್ಕೂ ಆರಾರು ತೂತು ಹೊಡೆದುಕೊಟ್ಟ.