ಆರು ಹುಣಸೆ ಬೀಜ, ಒಂದು ತಟ್ಟೆ

ಪಿಯು ತರ್ಕಶಾಸ್ತ್ರ ಹೇಳಿಕೊಡುವವರಿಗೆಲ್ಲ ಈ ತಲೆನೋವು ಗೊತ್ತು. ಹುಡುಗರು ಅರಿಸ್ಟಾಟಲನ ಚೌಕ ಬರೆದು ಎ (ಎಲ್ಲವೂ ಹೌದು), ಇ (ಯಾವುದೂ ಅಲ್ಲ), ಐ (ಕೆಲವು ಹೌದು), ಓ (ಕೆಲವು ಅಲ್ಲ) ಅನ್ನೋ ನಾಲ್ಕು ಬಗೆಯ ಮಾತನ್ನು ಮೂಲೆಗಿಡುತ್ತಾರೆ. ಕಾಂಟ್ರರಿಗೂ ಕಾಂಟ್ರಡಿಕ್ಟರಿಗೂ ಏನು ವ್ಯತ್ಯಾಸ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ತಪ್ಪು ಅವರದ್ದಲ್ಲ ಬಿಡಿ. ಚಿಕ್ಕ ಕ್ಲಾಸಿನಿಂದ ‘ವಿರುದ್ಧ ಪದ ಬರೆಯಿರಿ’ ಅಂತ ಬಿಸಿ–ತಂಪು, ಸತ್ಯ–ಅಸತ್ಯ ಎರಡನ್ನೂ ಒಂದೇ ಗೋಣಿಗೆ ತುಂಬಿದ್ದೇವೆ. ಬಿಸಿಯಿಲ್ಲದ ಕಾಫಿ ಉಗುರುಬೆಚ್ಚಗೂ ಇರಬಹುದು ಅಲ್ವಾ?

ಮೊದಲು ಬಣ್ಣದ ಚಾರ್ಟ್ ಮಾಡಿಸಿದೆ. ಹತ್ತಿರ ಹತ್ತಿರ 1,800 ರೂಪಾಯಿ. ಈಗ ಅದು ಅಕ್ಕಿ ಡಬ್ಬದ ಕೆಳಗಿದೆ. ಆಮೇಲೆ ಕಾರ್ಡು, ಇನ್ನೊಂದು 600. ಹುಡುಗರು ಅದರಲ್ಲಿ ರಮ್ಮಿ ಆಡಿದರು.

ಕೊನೆಗೆ ಕೈಹಿಡಿದದ್ದು ಅಜ್ಜಿಯ ಚೌಕಾಬಾರದ ಹುಣಸೆ ಬೀಜ. ಒಂದು ಮಗ್ಗುಲು ನೆಲಕ್ಕೆ ಉಜ್ಜಿ ಬೆಳ್ಳಗೆ ಮಾಡಿದ ಆರು ಬೀಜ, ಒಂದು ಸ್ಟೀಲ್ ತಟ್ಟೆ. ‘ಪಿಯು ಹುಡುಗರಿಗೆ ಚೌಕಾಬಾರವಾ ಮೇಷ್ಟ್ರೇ?’ ಅಂತ ಜೊತೆಯವರು ನಕ್ಕರು.

ಆರೂ ಬೆಳ್ಳಗೆ ಕಾಣುವಂತೆ ಇಡುತ್ತೇನೆ. ‘ಎಲ್ಲ ಬೀಜವೂ ಬಿಳಿ’, ನಿಜ. ಒಂದೇ ಒಂದನ್ನು ಮಗುಚುತ್ತೇನೆ. ಆ ಮಾತು ಬಿತ್ತು. ಹಾಗಂತ ‘ಯಾವ ಬೀಜವೂ ಬಿಳಿಯಲ್ಲ’ ಅನ್ನೋದು ಗೆದ್ದಿತಾ? ಅದೂ ಬಿತ್ತು, ಐದು ಇನ್ನೂ ಬೆಳ್ಳಗೇ ಇವೆ. ಎರಡೂ ಒಟ್ಟಿಗೆ ಬೀಳಬಹುದು, ಒಟ್ಟಿಗೆ ನಿಲ್ಲಲಾರವು. ಅದೇ ಕಾಂಟ್ರರಿ. ‘ಬಿಳಿಯಲ್ಲದ ಬೀಜ ಒಂದಾದರೂ ಇದೆ’ ಅನ್ನೋದು ಮಾತ್ರ ಮೊದಲನೆಯದು ಬಿದ್ದ ಕ್ಷಣವೇ ಎದ್ದು ನಿಲ್ಲುತ್ತದೆ. ಒಂದು ಬಿದ್ದರೆ ಇನ್ನೊಂದು ನಿಲ್ಲಲೇಬೇಕು, ಅದು ಕಾಂಟ್ರಡಿಕ್ಟರಿ. ಮುಂದೆ ಯಾವ ಕ್ರಮದಲ್ಲಿ ಮಗುಚಬೇಕು ಅನ್ನೋದನ್ನು ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು. ಮೊದಲು ನಲವತ್ತರಲ್ಲಿ ಹದಿನೈದು ಜನ ಸರಿ ಬರೆಯುತ್ತಿದ್ದರು. ಈಗ ಮೂವತ್ತು ದಾಟಿದೆ.

ಇದೇ ಹುಚ್ಚಿನಲ್ಲಿ ಪುಣ್ಯಕೋಟಿ ಕಥೆಗೂ ಕೈಹಾಕಿದೆ. ಹಸುವನ್ನು ತಿನ್ನದೆ ಪ್ರಾಣ ಬಿಟ್ಟ ಆ ಒಂದು ಹುಲಿ ‘ಹುಲಿಗಳೆಲ್ಲ ಕ್ರೂರ’ ಅನ್ನೋದನ್ನು ಮುರಿಯಿತು. ‘ಯಾವ ಹುಲಿಯೂ ಕ್ರೂರವಲ್ಲ’ ಅಂತ ಅದರಿಂದ ಆಗುತ್ತಾ? ಹಾಗೇನಾದರೂ ಆಗಿದ್ದರೆ ಆ ಹುಲಿ ಕೊನೆಯಲ್ಲಿ ಯಾರ ಕಣ್ಣಲ್ಲೂ ನೀರು ತರಿಸುತ್ತಿರಲಿಲ್ಲ. ಕನ್ನಡ ಮೇಡಂ ಇದನ್ನು ಒಪ್ಪಿಲ್ಲ, ವಾದ ಇನ್ನೂ ನಡೀತಿದೆ.

ಒಂದು ಸಲ ಸೋತೆ. ಹಿಂದಿನ ಬೆಂಚಿನ ಹುಡುಗಿ ಬೀಜವೆಲ್ಲ ಎತ್ತಿಕೊಂಡು, ‘ತಟ್ಟೆ ಖಾಲಿ ಸಾರ್, ಈಗ ಎಲ್ಲ ಬೀಜವೂ ಬಿಳಿ, ಯಾವ ಬೀಜವೂ ಬಿಳಿಯಲ್ಲ, ಎರಡೂ ನಿಜ ತಾನೇ?’ ಅಂದಳು. ಅರಿಸ್ಟಾಟಲನ ಚೌಕ ತಟ್ಟೆಯಲ್ಲಿ ಬೀಜ ಇದೆ ಅಂತ ನಂಬಿ ನಿಂತದ್ದು. ಹತ್ತೊಂಬತ್ತನೇ ಶತಮಾನದ ಗಣಿತಜ್ಞ ಜಾರ್ಜ್ ಬೂಲ್ ಕಡೆಯ ಲೆಕ್ಕದಲ್ಲಿ ಅವಳೇ ಸರಿ, ಬೀಜವೇ ಇಲ್ಲದಿದ್ದರೆ ಎರಡು ಮಾತನ್ನೂ ಬೀಳಿಸೋಕೆ ಏನೂ ಇಲ್ಲವಲ್ಲ. ಅವತ್ತು ಗಂಟೆ ಹೊಡೆದದ್ದು ನನ್ನ ಪುಣ್ಯ. ಆ ಗಲಾಟೆಯಲ್ಲಿ ಒಂದು ಬೀಜ ಕಳೆಯಿತು, ಈಗ ಐದರಲ್ಲೇ ನಡೆಸುತ್ತಿದ್ದೇನೆ.