ದೊಡ್ಡಪತ್ರೆ ರಸ ತೆಗೆಯುವಾಗ

ಥಂಡಿ-ಕೆಮ್ಮಿಗೆ ದೊಡ್ಡಪತ್ರೆಯನ್ನು ಹಸಿಯಾಗಿ ಜಜ್ಜಬೇಡಿ. ರಸ ಸರಿಯಾಗಿ ಬಿಡುವುದಿಲ್ಲ, ಖಾರಕ್ಕೆ ಮಕ್ಕಳು ಉಗಿಯುತ್ತಾರೆ. ಬಲಿತ 6 ಎಲೆ ತೊಳೆದು, ನೀರು ಒರೆಸಿ, ಸಣ್ಣ ಉರಿಯಲ್ಲಿ ಕಾವಲಿ ಮೇಲೆ ಎರಡೂ ಮಗ್ಗುಲು ಬಾಡಿಸಿ. ಎಲೆ ಮೆತ್ತಗಾಗಿ ಅಂಚಿನಲ್ಲಿ ನೀರು ಒಸರಿದ ಕೂಡಲೇ ತೆಗೆದು ಹಿಂಡಿ. ಕಪ್ಪಾಗುವ ತನಕ ಬಿಟ್ಟರೆ ರಸ ಆರಿಹೋಗುತ್ತದೆ. ಒಂದು ಚಮಚ ರಸಕ್ಕೆ ಅರ್ಧ ಚಮಚ ಜೋನಿಬೆಲ್ಲ ಸಾಕು. ವರ್ಷ ತುಂಬದ ಕೂಸಿಗೆ ಇದ್ಯಾವುದೂ ಬೇಡ, ಜೇನಂತೂ ಕೊಡಲೇ ಕೂಡದು.

ಇದರಿಂದ ಗಂಟಲು ಹಗುರಾಗುತ್ತದೆ, ಅಷ್ಟೇ. ಶಿರಸಿ-ಸಿದ್ದಾಪುರ ಕಡೆ ನವೆಂಬರ್‌ನಿಂದ ಮೇ ತನಕ, ಸೊಪ್ಪು, ದರಕು (ಒಣಗಿದ ಎಲೆ) ಅಂತ ಕಾಡಿಗೆ ಹೋಗಿಬಂದವರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ದಯವಿಟ್ಟು ಕಷಾಯ ಕುಡಿದು ಕಾಯಬೇಡಿ. ಕಾಡಿನ ಉಣ್ಣಿ ಹುಳ ಕಚ್ಚಿ ಬರುವ ಮಂಗನ ಕಾಯಿಲೆ (ಕೆಎಫ್‌ಡಿ) ಇರಬಹುದು; ಅವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.