ಇಬ್ಬರು ಸುಬ್ಬಣ್ಣ, ಇಬ್ಬರು ಚೆನ್ನಮ್ಮ

2022ರ ಆಗಸ್ಟ್ 11ರಂದು ಗಾಯಕ ಶಿವಮೊಗ್ಗ ಸುಬ್ಬಣ್ಣ ತೀರಿಕೊಂಡರು. ನಾಲ್ಕು ದಿನಕ್ಕೆ ಸ್ವಾತಂತ್ರ್ಯ ದಿನ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಶಾಲೆಯಲ್ಲಿ ಅವರ ಬಗ್ಗೆ ಎರಡು ಮಾತು ಆಡಬೇಕು ಅಂತ ನನ್ನ ಹತ್ತಿರ ಬಂದ. ನಾನು ಹೊಸನಗರ ತಾಲೂಕಿನ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಸುಬ್ಬಣ್ಣ ಹುಟ್ಟಿದ್ದು ಇದೇ ತಾಲೂಕಿನ ನಗರದಲ್ಲಿ. ಹಾಗಾಗಿ ಹುಡುಗ ಕೇಳಿದ್ದು ನನಗೂ ಖುಷಿಯಾಯಿತು. ಪೇಪರ್ ಕಟಿಂಗ್ ಇಡುವ ಲಕೋಟೆ ತೆಗೆದು ಕೊಟ್ಟೆ. ಮೇಲೆ ನನ್ನದೇ ಅಕ್ಷರದಲ್ಲಿ 'ಸುಬ್ಬಣ್ಣ' ಅಂತ ಬರೆದಿತ್ತು.

ಆ ಲಕೋಟೆಯೊಳಗೆ ಇಬ್ಬರಿದ್ದರು.

ಹುಡುಗ ಎಲ್ಲವನ್ನೂ ಶ್ರದ್ಧೆಯಿಂದ ಓದಿ, ಸೇರಿಸಿ ಬರೆದುಕೊಂಡ. ಹೆಗ್ಗೋಡಿನಲ್ಲಿ ನೀನಾಸಂ ಬೆಳೆಸಿದ, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ, ಸಿನಿಮಾ ಹಾಡಿಗೆ ರಾಷ್ಟ್ರ ಪ್ರಶಸ್ತಿ ಪಡೆದ ಸುಬ್ಬಣ್ಣ ಮೊನ್ನೆ ತೀರಿಕೊಂಡರು ಅಂತ ಮೈಕಿನಲ್ಲಿ ಹೇಳಿದ. ಅಲ್ಲಿ ಕೂತವರಲ್ಲಿ ಹೆಗ್ಗೋಡಿನ ನಾಟಕ ನೋಡಿಕೊಂಡೇ ಬೆಳೆದವರಿದ್ದರು. ಒಬ್ಬರು ಎದ್ದು ನಿಂತು, 'ಹೆಗ್ಗೋಡಿನ ಸುಬ್ಬಣ್ಣ ಹೋಗಿ ಹದಿನೇಳು ವರ್ಷ ಆಯ್ತಲ್ಲ ಮಾರಾಯ' ಅಂದರು. ಹುಡುಗನ ಮುಖ ಇಳಿದುಹೋಯಿತು. ಸಂಜೆ ನನ್ನ ಹತ್ತಿರ ಬಂದು, 'ಅಕ್ಕಾ, ನೀವು ಕೊಟ್ಟಿದ್ದನ್ನೇ ಓದಿದೆ' ಅಂದ. ಅಷ್ಟೇ ಅಂದಿದ್ದು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ನನ್ನದು. ಹುಡುಗನಿಗೆ ಅವಮಾನ ಆಯಿತು ಅನ್ನುವುದು ಒಂದು ಕಡೆ. ಇನ್ನೊಂದು ಕಡೆ, ಇಬ್ಬರು ದೊಡ್ಡವರು ಜೀವಮಾನವಿಡೀ ಮಾಡಿದ ಕೆಲಸ ನನ್ನ ಒಂದು ಲಕೋಟೆಯಲ್ಲಿ ಕಲಸಿಹೋಗಿತ್ತು. ಒಬ್ಬರ ಲೆಕ್ಕಕ್ಕೆ ಇನ್ನೊಬ್ಬರದು ಸೇರಿದರೆ, ಸೇರಿಸಿಕೊಂಡವರಿಗೂ ಅದು ಗೌರವ ಅಲ್ಲ, ಕಳೆದುಕೊಂಡವರಿಗಂತೂ ಅಲ್ಲವೇ ಅಲ್ಲ.

ಮಾರನೇ ದಿನ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಮಾಡಲು ಕೂತೆ. ದುಡ್ಡು ಕೊಟ್ಟು ಕಾರ್ಡ್ ತರುವ ಸ್ಥಿತಿ ಇರಲಿಲ್ಲ. ಮನೆಯಲ್ಲಿ ಮದುವೆ ಕಾಗದಗಳು ರಾಶಿ ಬಿದ್ದಿದ್ದವು. ಗಟ್ಟಿ ಕಾಗದ, ಹಿಂಬದಿ ಖಾಲಿ. ಕತ್ತರಿಸಿದರೆ ಒಂದರಲ್ಲಿ ನಾಲ್ಕು ಚೀಟಿ. ಕತ್ತರಿಸುತ್ತಾ ಕತ್ತರಿಸುತ್ತಾ ಒಂದು ವಿಷಯ ಹೊಳೆಯಿತು. ಮದುವೆ ಕಾಗದದಲ್ಲಿ ಬರೀ ಹೆಸರು ಇರುವುದೇ ಇಲ್ಲ. ಇಂಥ ಊರು, ಇಂಥ ಮನೆ, ಇಂಥವರ ಮೊಮ್ಮಗ, ಇಂಥವರ ಎರಡನೇ ಮಗ ಅಂತಲೇ ಇರುತ್ತದೆ. ನಮ್ಮ ಹಳ್ಳಿಯಲ್ಲೂ ಒಂದೇ ಹೆಸರಿನವರು ನಾಲ್ಕು ಜನ ಇದ್ದಾರೆ, ಯಾರಿಗೂ ಗೊಂದಲ ಆಗಿದ್ದಿಲ್ಲ. ಕೆಳಗಿನಮನೆಯವರು, ಗದ್ದೆಮನೆಯವರು ಅಂತ ಮನೆ ಹೆಸರು ಹಿಡಿದೇ ಕರೆಯುತ್ತೇವೆ. ಊರಿನ ಜನ ದಿನಾ ಮಾಡುವುದನ್ನು ನಾನು ಲಕೋಟೆ ಮೇಲೆ ಮಾಡಿರಲಿಲ್ಲ, ಅಷ್ಟೇ.

ಮೊದಲ ಚೀಟಿ ಹೀಗಿತ್ತು: 'ಸುಬ್ಬಣ್ಣ, ಕುಂಟಗೋಡು ವಿಭೂತಿ. ಸಾಗರ ತಾಲೂಕು ಹೆಗ್ಗೋಡು. 1932–2005. ರಂಗಭೂಮಿ, ನೀನಾಸಂ. ಇದನ್ನೂ ನೋಡಿ: ಸುಬ್ಬಣ್ಣ, ಶಿವಮೊಗ್ಗ.' ಎರಡನೆಯದು: 'ಸುಬ್ಬಣ್ಣ, ಶಿವಮೊಗ್ಗ. ಹುಟ್ಟುಹೆಸರು ಸುಬ್ರಹ್ಮಣ್ಯ. ಹೊಸನಗರ ತಾಲೂಕು ನಗರ. 1938–2022. ಸುಗಮ ಸಂಗೀತ. ಕಾಡು ಕುದುರೆ ಸಿನಿಮಾದ ಹಾಡಿಗೆ ರಾಷ್ಟ್ರ ಪ್ರಶಸ್ತಿ. ಇದನ್ನೂ ನೋಡಿ: ಸುಬ್ಬಣ್ಣ, ಕುಂಟಗೋಡು ವಿಭೂತಿ.'

ಕೊನೆಯ ಸಾಲು ತುಂಬಾ ಮುಖ್ಯ. ಒಬ್ಬರನ್ನು ಹುಡುಕಿಕೊಂಡು ಬಂದ ಮಗುವಿಗೆ, ಇದೇ ಹೆಸರಿನ ಇನ್ನೊಬ್ಬರೂ ಇದ್ದಾರೆ ಅಂತ ಆ ಚೀಟಿಯೇ ಹೇಳಬೇಕು. ಇನ್ನೊಬ್ಬರಿದ್ದಾರೆ ಅಂತ ಗೊತ್ತಿಲ್ಲದೆ ಇರುವುದರಿಂದಲೇ ಅಲ್ವಾ ತಪ್ಪಾಗುವುದು?

ಎರಡನೇ ಚೀಟಿಯಲ್ಲಿ ಒಂದು ತೊಂದರೆ ಬಂತು. 'ನಗರ' ಅಂದರೆ ದೂರದ ಮಕ್ಕಳು ಪೇಟೆ ಅಂದುಕೊಳ್ಳುತ್ತಾರೆ. ಆಮೇಲೆ 'ಬಿದನೂರು ನಗರ' ಅಂತ ತಿದ್ದಿದೆ. ಊರಿನ ಹೆಸರೂ ಒಂದೇ ಥರ ಇರುತ್ತದೆ ಅನ್ನುವುದನ್ನು ರಾಜ್‌ಕುಮಾರ್ ಚೀಟಿ ಇನ್ನೂ ಚೆನ್ನಾಗಿ ಕಲಿಸಿತು. ಅಣ್ಣಾವ್ರ ಊರು ಗಾಜನೂರು ಅಂದ ಕೂಡಲೇ ನಮ್ಮ ಮಕ್ಕಳ ಕಣ್ಣು ಅರಳುತ್ತದೆ. ಶಿವಮೊಗ್ಗದ ಪಕ್ಕ, ತುಂಗಾ ಅಣೆಕಟ್ಟು ಇರುವ ಗಾಜನೂರು ಅಂದುಕೊಳ್ಳುತ್ತಾರೆ. ಅವರ ಗಾಜನೂರು ಚಾಮರಾಜನಗರದ ಆಚೆ, ಈಗ ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. ಊರಷ್ಟೇ ಅಲ್ಲ, ಅವರ ಹೆಸರಿನವರೂ ಇನ್ನೊಬ್ಬರಿದ್ದರು. ಹಿಂದಿಯಲ್ಲೂ ಒಬ್ಬ ರಾಜ್ ಕುಮಾರ್ ಇದ್ದರಲ್ಲ. ನಮ್ಮವರ ಹುಟ್ಟುಹೆಸರು ಮುತ್ತುರಾಜ್, ಅವರದು ಕುಲಭೂಷಣ್ ಪಂಡಿತ್. ಇಬ್ಬರಿಗೂ ಅದು ಸಿನಿಮಾಕ್ಕೆ ಇಟ್ಟುಕೊಂಡ ಹೆಸರು. ಅಂದಿನಿಂದ ಊರಿನ ಜೊತೆ ತಾಲೂಕು ಅಥವಾ ಜಿಲ್ಲೆ, ಹೆಸರಿನ ಜೊತೆ ಹುಟ್ಟುಹೆಸರು ಬರೆಯುವುದು ರೂಢಿಯಾಯಿತು.

ಇನಿಷಿಯಲ್ ಇದ್ದರೆ ಸಾಕು ಅಂತ ಮೊದಲು ಅಂದುಕೊಂಡಿದ್ದೆ. ಸಾಲದು. ಕೆ.ವಿ. ಸುಬ್ಬಣ್ಣ ಹೇಗೋ ಕುವೆಂಪು ಕೂಡ ಹಾಗೇ ಕೆ.ವಿ. ಕಟ್ಟುಮಸ್ತಾದ ಮೈಗೂ ಕಾದಂಬರಿಗೂ ಹೆಸರಾದ ಕೆ.ವಿ. ಅಯ್ಯರ್ ಕೂಡ ಕೆ.ವಿ.ಯೇ. ಬಿಡಿಸಿ ಬರೆದಾಗಲೇ ಮನುಷ್ಯ ಕಾಣಿಸುವುದು. ಕುಂಟಗೋಡು ವಿಭೂತಿ ಸುಬ್ಬಣ್ಣ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಆ ಎರಡಕ್ಷರದೊಳಗೆ ಊರು, ಮನೆ, ಅಪ್ಪ ಎಲ್ಲ ಇದ್ದಾರೆ.

ಪುಟ್ಟಪ್ಪ ಅಂದಾಗಲೂ ಹಾಗೇ. ಮಲೆನಾಡಿನಲ್ಲಿ ಆ ಹೆಸರು ಹೇಳಿದರೆ ಬೇರೆ ಯಾರೂ ನೆನಪಾಗುವುದಿಲ್ಲ. 1904ರಲ್ಲಿ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿ, ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಬೆಳೆದ ಕವಿ. ಹುಬ್ಬಳ್ಳಿ ಕಡೆಯವರಿಗೆ ಪುಟ್ಟಪ್ಪ ಅಂದರೆ ಪಾಟೀಲ ಪುಟ್ಟಪ್ಪ. 'ಪ್ರಪಂಚ' ಪತ್ರಿಕೆ ನಡೆಸಿದ, ಕನ್ನಡದ ಪರವಾಗಿ ಕೊನೆಯವರೆಗೂ ಗಟ್ಟಿಯಾಗಿ ಮಾತಾಡಿದ ಪತ್ರಕರ್ತರು, 2020ರಲ್ಲಿ ತೀರಿಕೊಂಡರು. ನನಗೆ ತುಂಬಾ ಇಷ್ಟವಾಗಿದ್ದು ಏನು ಗೊತ್ತಾ? ಇಬ್ಬರಿಗೂ ಜನರ ಬಾಯಲ್ಲಿ ಅಕ್ಷರ ಜೋಡಿಸಿದ ಹೆಸರೇ ಉಳಿಯಿತು. ಒಬ್ಬರು ಕುವೆಂಪು, ಇನ್ನೊಬ್ಬರು ಪಾಪು. ಯಾವ ಚೀಟಿಯೂ ಬೇಡ, ಜನವೇ ಬೇರೆ ಮಾಡಿಕೊಂಡಿದ್ದಾರೆ.

ನನಗೆ ಜಾಸ್ತಿ ಕಷ್ಟ ಕೊಟ್ಟಿದ್ದು ಚೆನ್ನಮ್ಮ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೆಳದಿ ಚೆನ್ನಮ್ಮನ ಬಗ್ಗೆ ಪ್ರಬಂಧ ಬರೆದು ತೋರಿಸಿದಳು. ಅಕ್ಷರ ಮುತ್ತಿನ ಹಾಗಿತ್ತು. ಗಂಡ ತೀರಿಕೊಂಡ ಮೇಲೆ ರಾಣಿ ಆಡಳಿತ ಹಿಡಿದಳು, ಮಗನನ್ನು ದತ್ತು ತೆಗೆದುಕೊಂಡಳು, ದೊಡ್ಡ ಸೈನ್ಯಕ್ಕೆ ಹೆದರಲಿಲ್ಲ. ಎಲ್ಲ ಸರಿ. ಆಮೇಲೆ ಥ್ಯಾಕರೆ ಬಂದ. ಅಲ್ಲಿ ಕಥೆ ಕಿತ್ತೂರಿಗೆ ಹೋಗಿಬಿಟ್ಟಿತ್ತು.

ಅವಳದು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಇಬ್ಬರ ಕಥೆಯ ಅರ್ಧ ಭಾಗ ನಿಜವಾಗಿಯೂ ಒಂದೇ. ಇಬ್ಬರೂ ಗಂಡನನ್ನು ಕಳೆದುಕೊಂಡ ರಾಣಿಯರು, ಇಬ್ಬರೂ ದತ್ತು ತೆಗೆದುಕೊಂಡರು, ಇಬ್ಬರೂ ತಮಗಿಂತ ದೊಡ್ಡ ಸೈನ್ಯದ ಎದುರು ನಿಂತರು. ಆವತ್ತು ಒಂದು ಪಾಠ ಕಲಿತೆ. ಒಂದೇ ಹೆಸರಿನ ಇಬ್ಬರ ಚೀಟಿ ಮಾಡುವಾಗ ಇಬ್ಬರಿಗೂ ಹೊಂದುವ ಮಾತನ್ನು ಮೇಲೆ ಬರೆಯಬಾರದು. ಒಬ್ಬರಿಗೆ ಮಾತ್ರ ಸೇರಿದ, ಇನ್ನೊಬ್ಬರಿಗೆ ಸೇರಲು ಸಾಧ್ಯವೇ ಇಲ್ಲದ ಒಂದು ವಿಷಯ ಹುಡುಕಬೇಕು. ಅದೇ ಮೊದಲ ಸಾಲು.

ಕೆಳದಿ ಚೆನ್ನಮ್ಮನಿಗೆ ಅದು ರಾಜಾರಾಮ. ಶಿವಾಜಿಯ ಮಗ ಮೊಘಲರಿಂದ ತಪ್ಪಿಸಿಕೊಂಡು ಬಂದಾಗ ಆಸರೆ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡವಳು. 17ನೇ ಶತಮಾನದ ಕೊನೆಯ ಭಾಗ. ಕಿತ್ತೂರು ಚೆನ್ನಮ್ಮನಿಗೆ ಅದು ಕಂಪನಿ ಸರ್ಕಾರ. 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕಾಳಗದಲ್ಲಿ ಸತ್ತ. ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ನಡುವೆ ನೂರು ವರ್ಷಕ್ಕೂ ಮಿಕ್ಕಿ ಅಂತರ. ಹುಡುಗಿಗೆ ಎರಡೂ ಚೀಟಿ ಪಕ್ಕ ಪಕ್ಕ ಇಟ್ಟು ತೋರಿಸಿದೆ. 'ಹಂಗಾದ್ರೆ ಕಿತ್ತೂರು ಚೆನ್ನಮ್ಮ ಚಿಕ್ಕವಳಿದ್ದಾಗ ನಮ್ಮ ಚೆನ್ನಮ್ಮನ ಕಥೆ ಕೇಳಿರಬಹುದು ಅಲ್ವಾ ಅಕ್ಕಾ?' ಅಂದಳು. ಕೇಳಿದ್ದಳೋ ಇಲ್ಲವೋ, ಆ ಪ್ರಶ್ನೆ ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ.

ಇದೇ ಉಪಾಯ ಇಬ್ಬರು ಗಿರೀಶರಿಗೂ ಬೇಕಾಯಿತು. ಅನಂತಮೂರ್ತಿ ಬರೆದದ್ದು, ಗಿರೀಶ್, ಸಿನಿಮಾ ಅಂದರೆ ಯಾರು? ಸಂಸ್ಕಾರಕ್ಕೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ಮಾಡಿದ್ದು ಗಿರೀಶ್ ಕಾರ್ನಾಡ್. ಘಟಶ್ರಾದ್ಧ ನಿರ್ದೇಶಿಸಿದ್ದು ನಮ್ಮ ತೀರ್ಥಹಳ್ಳಿ ತಾಲೂಕಿನ ಗಿರೀಶ್ ಕಾಸರವಳ್ಳಿ. ಕಾರ್ನಾಡರ ಚೀಟಿಯಲ್ಲಿ ಮೊದಲು ನಾಟಕ ಬರೆದೆ, ಕಾಸರವಳ್ಳಿಯವರದರಲ್ಲಿ ಸಿನಿಮಾ ನಿರ್ದೇಶನ.

ಗೋಪಾಲಗೌಡ ಅಂದಾಗ ವರ್ಷವೇ ಕೈ ಹಿಡಿಯಿತು. ಶಾಂತವೇರಿ ಗೋಪಾಲಗೌಡರು 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತವರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಗೋಪಾಲಗೌಡರು 2016ರಲ್ಲಿ ಪಶ್ಚಿಮ ಬಂಗಾಳದ ಸಿಂಗೂರಿನ ರೈತರಿಗೆ ಜಮೀನು ವಾಪಸ್ ಕೊಡಿಸಿದ ಪೀಠದಲ್ಲಿದ್ದವರು. ಎರಡೂ ಕಡೆ ರೈತ, ಎರಡೂ ಕಡೆ ಭೂಮಿ. ಆದರೆ ಶಾಂತವೇರಿಯವರು ತೀರಿಕೊಂಡಿದ್ದು 1972ರಲ್ಲಿ. ವರ್ಷ ನೋಡಿದ ಕೂಡಲೇ ಗಂಟು ಬಿಚ್ಚಿಕೊಳ್ಳುತ್ತದೆ.

ಬರೆಯುವ ಕ್ರಮ ಸುಲಭ. ಮೊದಲು ಪೆನ್ಸಿಲ್. ಬೇರೆ ಬೇರೆ ಎರಡು ಪುಸ್ತಕದಲ್ಲಿ ಒಂದೇ ವಿಷಯ ಸಿಕ್ಕಿದ ಮೇಲೆ ಪೆನ್ನು. ಜೆಲ್ ಪೆನ್ನು ಬೇಡ, ನಮ್ಮ ಮಳೆಗಾಲದ ತಂಡಿಗೆ ಹರಡಿಬಿಡುತ್ತದೆ, ಬಾಲ್ ಪೆನ್ನೇ ಸರಿ. ಚೀಟಿಗಳು ಚಪ್ಪಲಿ ಡಬ್ಬದಲ್ಲಿವೆ. ಆಷಾಢದಲ್ಲಿ ಬೂಷ್ಟು ಹಿಡಿಯದ ಹಾಗೆ ಡಬ್ಬ ಮನೆಗೆ ತಂದು ಒಲೆ ಹತ್ತಿರದ ಗೂಡಿನಲ್ಲಿ ಇಡುತ್ತೇನೆ. ಭಾಷಣದಲ್ಲಿ ತಪ್ಪಿದ್ದನಲ್ಲ, ಆ ಹುಡುಗ ರಜೆಯಲ್ಲಿ ಬಂದು ಚೀಟಿ ಬರೆಯುತ್ತಾನೆ. ಲೂಸಿಯಾ ಸಿನಿಮಾಕ್ಕೆ ಸಂಗೀತ ಕೊಟ್ಟ ಪೂರ್ಣಚಂದ್ರ ತೇಜಸ್ವಿಯನ್ನು ಮೂಡಿಗೆರೆಯ ತೇಜಸ್ವಿಯ ಪಕ್ಕ ತಂದು ಕೂರಿಸಿದ್ದು ಅವನೇ.

ಅವನೇ ಒಮ್ಮೆ, ಬೇರೆ ದೇಶದಲ್ಲೂ ಹೀಗೆ ಆಗುತ್ತದಾ ಅಂತ ಕೇಳಿದ್ದ. ವಿನ್‌ಸ್ಟನ್ ಚರ್ಚಿಲ್ ವಿಷಯ ಹೇಳಿದೆ. ಬ್ರಿಟನ್ನಿನ ಪ್ರಧಾನಿ ಆದವರು ಇನ್ನೂ ಚಿಕ್ಕ ವಯಸ್ಸಿನ ಬರಹಗಾರ ಆಗಿದ್ದಾಗ, ಅಮೆರಿಕದಲ್ಲಿ ಅದೇ ಹೆಸರಿನ ಕಾದಂಬರಿಕಾರ ಇದ್ದರು. 1899ರಲ್ಲಿ ಬ್ರಿಟನ್ನಿನವರೇ ಕಾಗದ ಬರೆದು, ನನ್ನ ಪುಸ್ತಕದ ಮೇಲೆ ನಡುವೆ ಸ್ಪೆನ್ಸರ್ ಅಂತ ಸೇರಿಸುತ್ತೇನೆ ಅಂತ ಒಪ್ಪಿಕೊಂಡರು. ಓದುವವರಿಗೆ ತಪ್ಪು ಆಗಬಾರದು ಅಂತ ಬರೆಯುವವರೇ ಮುಂದೆ ಬಂದಿದ್ದು ನನಗೆ ದೊಡ್ಡ ವಿಷಯ ಅನಿಸುತ್ತದೆ.

2023ರ ಫೆಬ್ರವರಿ ಮೊದಲ ವಾರ. ದಿನಾ ಪೇಪರ್ ಓದಲು ಬರುವ ಹಿರಿಯರೊಬ್ಬರು ಬಾಗಿಲಲ್ಲೇ ನಿಂತು, 'ತಂಗಿ, ವಿಶ್ವನಾಥ್ ಹೋದ್ರಂತೆ, ಹೌದೇನೆ? ನಮ್ಮ ಭದ್ರಾವತಿ ವಿಶಿ?' ಅಂದರು. ದನಿ ನಡುಗುತ್ತಿತ್ತು. ಬಸ್ಸಿನಲ್ಲಿ ಯಾರೋ ಮಾತಾಡಿದ್ದನ್ನು ಕೇಳಿಸಿಕೊಂಡು ಬಂದಿದ್ದರು. ಪೇಪರ್ ಬಿಡಿಸಿ ತೋರಿಸಿದೆ. ತೀರಿಕೊಂಡವರು ತೆಲುಗು ಸಿನಿಮಾ ನಿರ್ದೇಶಕ ಕೆ. ವಿಶ್ವನಾಥ್, ಶಂಕರಾಭರಣ ಮಾಡಿದವರು. ಡಬ್ಬದಿಂದ ಇನ್ನೊಂದು ಚೀಟಿ ತೆಗೆದುಕೊಟ್ಟೆ. 'ವಿಶ್ವನಾಥ್, ಗುಂಡಪ್ಪ ರಂಗನಾಥ. ಭದ್ರಾವತಿ. 1949. ಕ್ರಿಕೆಟ್. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್, 137 ರನ್.' ಹುಟ್ಟಿದ ವರ್ಷದ ಮುಂದೆ ಇನ್ನೊಂದು ವರ್ಷ ಇರಲಿಲ್ಲ. ಅವರು ಅದನ್ನೇ ಬೆರಳಿಟ್ಟು ಎರಡು ಸಲ ನೋಡಿದರು. ಕನ್ನಡಕ ತೆಗೆದು ಪಂಚೆ ಅಂಚಿನಿಂದ ಒರೆಸಿಕೊಂಡರು.

ಆಮೇಲೆ ಬೆಂಚಿನ ಮೇಲೆ ಕೂತು, ಆ ಕಾಮೆಂಟರಿಯನ್ನು ಪಕ್ಕದ ಮನೆ ರೇಡಿಯೋದಲ್ಲಿ ಕೇಳಿದ್ದನ್ನು ಹೇಳಿದರು. 'ಮೊದಲ ಇನ್ನಿಂಗ್ಸಲ್ಲಿ ಸೊನ್ನೆ ಕಣೇ. ಸೊನ್ನೆ ಹೊಡೆದವನೇ ಎರಡನೇದರಲ್ಲಿ ನೂರಾ ಮೂವತ್ತೇಳು ಹೊಡೆದಿದ್ದು. ಅದನ್ನೂ ಬರಿ' ಅಂದರು.

ಬರೆದೆ.